ವಾಚ್ ನಾಡಿ ಹಿಡಿಯುವುದು ಹೇಗೆ? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಗೋಣಿಕೊಪ್ಪದ ಸಂತೆಯಲ್ಲಿ, ಮದುವೆ ಮನೆಯ ಊಟದ ಸಾಲಿನಲ್ಲಿ, ಹಾಕಿ ಮೈದಾನದ ಬದಿಯಲ್ಲಿ ಸಿಕ್ಕಿದವರು ಕೈ ಮುಂದೆ ಚಾಚಿ ಕೇಳುತ್ತಾರೆ: "ಇದು ತೋರಿಸೋದು ನಿಜವಾ?" ಹಾಗೆ ಕೇಳಿದ, ಬರೆದು ಕಳಿಸಿದ ಪ್ರಶ್ನೆಗಳನ್ನು ಆದಷ್ಟು ಅವರ ಮಾತಿನಲ್ಲೇ ಜೋಡಿಸಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ನಾನು ಡಾಕ್ಟರ್ ಅಲ್ಲ. ಇಲ್ಲಿರುವುದು ಯಂತ್ರದ ಕಡೆಯ ಮಾತು.

## ಶುರುವಿನ ಪ್ರಶ್ನೆಗಳು

ವಾಚಿನ ಹಿಂದೆ ಹಸಿರು ಲೈಟ್ ಯಾಕೆ ಮಿನುಗ್ತದೆ? ಅದರಿಂದ ನಾಡಿ ಹೇಗೆ ಗೊತ್ತಾಗ್ತದೆ?

ಹೃದಯ ಒಮ್ಮೆ ಬಡಿದಾಗ ಮಣಿಕಟ್ಟಿನ ಚರ್ಮದ ಕೆಳಗಿನ ಸಣ್ಣ ರಕ್ತನಾಳಗಳಲ್ಲಿ ರಕ್ತ ಸ್ವಲ್ಪ ಜಾಸ್ತಿ ತುಂಬುತ್ತದೆ, ಮತ್ತೆ ಇಳಿಯುತ್ತದೆ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ರಕ್ತ ತುಂಬಿದಾಗ ವಾಪಸ್ ಬರುವ ಬೆಳಕು ಕಡಿಮೆ, ಇಳಿದಾಗ ಜಾಸ್ತಿ. ಎಲ್‌ಇಡಿಯ ಪಕ್ಕದಲ್ಲೇ ಕೂತಿರುವ, ಬೆಳಕು ಅಳೆಯುವ ಫೋಟೊಡಯೋಡ್ ಈ ಏರಿಳಿತವನ್ನು ಸೆಕೆಂಡಿಗೆ ಹತ್ತಾರು ಸಲ ಅಳೆಯುತ್ತದೆ. ಎರಡು ಏರಿಕೆಗಳ ನಡುವಿನ ಸಮಯ ಸಿಕ್ಕಿತು ಅಂದರೆ ನಿಮಿಷಕ್ಕೆ ಎಷ್ಟು ಬಡಿತ ಅಂತ ಲೆಕ್ಕ ಹಾಕಬಹುದು.

ಈ ಏರಿಳಿತ ತುಂಬಾ ಚಿಕ್ಕದು. ವಾಪಸ್ ಬಂದ ಒಟ್ಟು ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು, ಕೆಲವೊಮ್ಮೆ ಅಷ್ಟೂ ಇಲ್ಲ. ಮುಂದೆ ಬರುವ ತಾಪತ್ರಯಗಳಲ್ಲಿ ಹೆಚ್ಚಿನವಕ್ಕೆ ಇದೇ ಮೂಲ.

ಮನೆಯಲ್ಲೇ ನೋಡಬೇಕಾದರೆ ಕತ್ತಲಲ್ಲಿ ಫೋನಿನ ಟಾರ್ಚ್ ಮೇಲೆ ಬೆರಳಿಡಿ. ಬೆರಳು ಕೆಂಪಗೆ ಹೊಳೆಯುತ್ತದೆ. ಹಸಿರು, ನೀಲಿ ಬೆಳಕನ್ನೆಲ್ಲ ಬೆರಳು ನುಂಗಿದೆ, ಕೆಂಪು ಮಾತ್ರ ದಾಟಿ ಬಂದಿದೆ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುತ್ತಿದ್ದ ಕ್ಲಿಪ್ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬಳಸುವುದು ಅದಕ್ಕೇ. ವಾಚಿನ ಹಸಿರು ಬೆಳಕು ಅಷ್ಟು ಆಳಕ್ಕೆ ಹೋಗುವುದಿಲ್ಲ. ಕೈ ಅಲ್ಲಾಡಿದಾಗ ಆಗುವ ಗೊಂದಲ ಇದರಿಂದ ಕಡಿಮೆಯಾಗುತ್ತದೆ. ಈ ತಂತ್ರ ಹೊಸದಲ್ಲ. ಅಮೆರಿಕದ ಆಲ್ರಿಕ್ ಹರ್ಟ್ಜ್‌ಮನ್ 1930ರ ದಶಕದಲ್ಲೇ ಬೆಳಕಿನಿಂದ ಚರ್ಮದ ರಕ್ತದ ಏರಿಳಿತ ಅಳೆದು ತೋರಿಸಿದ್ದರು.

ಇಡೀ ದಿನ ಕಟ್ಟಿಕೊಂಡರೆ ಏನೂ ತೊಂದರೆ ಇಲ್ವಾ?

ಬೆಳಕಿನಿಂದ ಇಲ್ಲ. ತೊಂದರೆ ಬರುವುದು ಪಟ್ಟಿಯಿಂದ. ಬೆವರು, ಸೋಪು, ಮಳೆ ನೀರು ಅಡಿಯಲ್ಲಿ ನಿಂತು ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ. ದಿನಕ್ಕೊಮ್ಮೆ ಬಿಚ್ಚಿ ಒರೆಸಿ, ಕೈ ಒಣಗಲು ಬಿಡಿ. ಪೇಸ್‌ಮೇಕರ್ ಹಾಕಿಸಿಕೊಂಡವರು ಮಾತ್ರ ಹುಷಾರಾಗಿರಬೇಕು. ವಾಚಿನ ಚಾರ್ಜರ್‌ನಲ್ಲಿ, ಕೆಲವು ಪಟ್ಟಿಗಳಲ್ಲಿ ಆಯಸ್ಕಾಂತ ಇರುತ್ತದೆ. ಅದು ಎದೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಲಿ. ಅಂಗಿಯ ಎದೆ ಜೇಬಿನಲ್ಲಿ ಹಾಕಿಕೊಂಡು ಓಡಾಡಬೇಡಿ. ಕೊಳ್ಳುವ ಮೊದಲೇ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಮೊಮ್ಮಗ ಕಿತ್ತಳೆ ಹಣ್ಣಿಗೆ ಕಟ್ಟಿ ತೋರಿಸಿದ, ಅದಕ್ಕೂ 78 ಬಂತು. ಹಾಗಾದ್ರೆ ಇದೆಲ್ಲ ಬುರುಡೆಯಾ?

ಪೂರ್ತಿ ಬುರುಡೆ ಅಲ್ಲ. ವಾಚಿಗೆ ಕಾಣುವುದು ಬೆಳಕಿನ ಏರಿಳಿತ ಮಾತ್ರ, ಎದುರಿಗಿರುವುದು ಅಜ್ಜನ ಕೈಯೋ ಕಿತ್ತಳೆಯೋ ಅದಕ್ಕೆ ತಿಳಿಯದು. ಹಣ್ಣಿನ ಸಿಪ್ಪೆಯಿಂದಲೂ ಬೆಳಕು ವಾಪಸ್ ಬರುತ್ತದೆ. ಟ್ಯೂಬ್‌ಲೈಟಿನ ಮಿಣುಕು, ಮೇಜಿನ ಅಲುಗಾಟ, ಸರ್ಕ್ಯೂಟಿನ ಗದ್ದಲ ಎಲ್ಲ ಅದರಲ್ಲಿ ಸೇರಿಕೊಳ್ಳುತ್ತವೆ. ಲಯ ಹುಡುಕುವುದೇ ಕೆಲಸವಾಗಿರುವ ಲೆಕ್ಕಕ್ಕೆ ಗದ್ದಲದಲ್ಲೂ ಒಂದು ಲಯ ಸಿಕ್ಕಿಬಿಡುತ್ತದೆ.

ಒಳ್ಳೆಯ ವಾಚು ಸಿಗ್ನಲ್ ಎಷ್ಟು ಸ್ವಚ್ಛವಾಗಿದೆ ಅಂತಲೂ ನೋಡುತ್ತದೆ. ನಂಬಿಕೆ ಇಲ್ಲದಿದ್ದರೆ ಸಂಖ್ಯೆಯ ಬದಲು ಎರಡು ಗೆರೆ ತೋರಿಸಿ ಸುಮ್ಮನಾಗುತ್ತದೆ. ಅಗ್ಗದ್ದು ಬಾಯಿಗೆ ಬಂದದ್ದು ಹೇಳುತ್ತದೆ. ನನ್ನ ಕೇಳಿದರೆ, ದುಡ್ಡು ಕೊಡಬೇಕಾದ್ದು "ಗೊತ್ತಿಲ್ಲ" ಅನ್ನಲು ಬರುವ ವಾಚಿಗೆ.

ಎಲ್ಲಿ ಕಟ್ಟಬೇಕು, ಎಷ್ಟು ಬಿಗಿ?

ಮಣಿಕಟ್ಟಿನ ಉಬ್ಬಿದ ಮೂಳೆಯ ಮೇಲೆ ಬೇಡ. ಅಲ್ಲಿಂದ ಮೊಣಕೈ ಕಡೆಗೆ ಎರಡು ಬೆರಳು ಮೇಲೆ. ಕೈ ಅಲ್ಲಾಡಿಸಿದಾಗ ವಾಚು ಜಾರಬಾರದು, ಆದರೆ ಬಿಚ್ಚಿದಾಗ ಆಳವಾದ ಗುರುತೂ ಉಳಿಯಬಾರದು. ಅತಿ ಬಿಗಿ ಕಟ್ಟಿದರೆ ಅಲ್ಲಿನ ರಕ್ತ ಓಡಾಟವೇ ಕಮ್ಮಿಯಾಗಿ ಅಳತೆ ಕೆಡುತ್ತದೆ. ಆ ಜಾಗದಲ್ಲಿ ದಟ್ಟ ಹಚ್ಚೆ ಇದ್ದರೆ ಶಾಯಿಯೇ ಬೆಳಕನ್ನು ಹೀರುತ್ತದೆ, ಇನ್ನೊಂದು ಕೈಗೆ ಬದಲಾಯಿಸಿ.

ಸುಮ್ನೆ ಕೂತಿರುವಾಗ ಎಷ್ಟಿದ್ದರೆ ಸರಿ?

ದೊಡ್ಡವರಿಗೆ 60ರಿಂದ 100 ಅಂತ ಸಾಮಾನ್ಯ ಲೆಕ್ಕ. ಚೆನ್ನಾಗಿ ಓಡಿ ಆಡಿ ಅಭ್ಯಾಸ ಇರುವವರಲ್ಲಿ 40ರ ಮೇಲೆ ಎಲ್ಲೋ ಇರಬಹುದು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರಲ್ಲೂ ನಾಡಿ ಕೆಳಗಿರುತ್ತದೆ.

ವಾಚ್ ಸರಿ ಇದೆಯಾ ನೋಡಲು ಖರ್ಚಿಲ್ಲದ ದಾರಿ ಒಂದುಂಟು. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನಲ್ಲಿ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ. 15 ಸೆಕೆಂಡ್ ಮಾತ್ರ ಎಣಿಸಿದರೆ ಒಂದು ಬಡಿತ ತಪ್ಪಿದ್ದಕ್ಕೆ ನಾಲ್ಕರ ವ್ಯತ್ಯಾಸ ಬರುತ್ತದೆ. ಕೂತಾಗ ವಾಚಿಗೂ ಬೆರಳಿಗೂ ಎರಡು ಮೂರರ ಅಂತರ ಇದ್ದರೆ ಚಿಂತೆ ಇಲ್ಲ. ಜ್ವರ, ನಿದ್ದೆಗೆಟ್ಟದ್ದು, ಒಂದರ ಹಿಂದೆ ಒಂದು ಕಾಫಿ ಎಲ್ಲವೂ ಸಂಖ್ಯೆಯನ್ನು ಮೇಲೆತ್ತಬಹುದು. ಮದುವೆ ಮುಗಿಸಿ ಎರಡು ಪೆಗ್ ಜಾಸ್ತಿಯಾಗಿ ಮಲಗಿದ ರಾತ್ರಿಯದ್ದನ್ನು ನೋಡಿ, ಗ್ರಾಫ್ ಹೆಂಡತಿಗಿಂತ ಮೊದಲೇ ಹೇಳುತ್ತದೆ.

## ತೋಟ, ಮೈದಾನ, ಮಳೆ

ಕಾಡು (ಕಳೆ) ಕೊಚ್ಚುವ ಮೆಷಿನ್ ಹಿಡಿದಾಗ ವಾಚ್ ಹುಚ್ಚು ಹಿಡಿದ ಹಾಗೆ 60, 170, 95 ಅಂತ ಕುಣೀತದೆ. ಯಾಕೆ?

ಆ ಕೆಲಸದಲ್ಲಿ ವಾಚಿಗೆ ಬೇಡವಾದದ್ದೆಲ್ಲ ಒಟ್ಟಿಗೆ ಸೇರಿದೆ. ಮೊದಲನೆಯದು ನಡುಕ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಹಿಡಿಕೆ ಸೆಕೆಂಡಿಗೆ 100 ಸಲ ನಡುಗುತ್ತದೆ. ವಾಚು ಬೆಳಕನ್ನು ಸೆಕೆಂಡಿಗೆ 25 ಅಥವಾ 50 ಸಲ ಅಳೆಯುತ್ತಿದ್ದರೆ ಅಷ್ಟು ವೇಗದ ನಡುಕ ಅದಕ್ಕೆ ಪೂರ್ತಿ ಸಿಗುವುದಿಲ್ಲ. ಅಲ್ಲೊಂದು ಇಲ್ಲೊಂದು ಬಿಂದು ಸಿಕ್ಕಿ, ಅವನ್ನು ಜೋಡಿಸಿದಾಗ ನಿಧಾನವಾದ ಬೇರೊಂದು ಅಲೆ ಕಾಣುತ್ತದೆ. ಇಲ್ಲದ ಅಲೆ ಅದು. ಕೆಲವೊಮ್ಮೆ ನಾಡಿಯ ವೇಗಕ್ಕೇ ಹೊಂದಿಬಿಡುತ್ತದೆ.

ಎರಡನೆಯದು ಹಿಡಿತ. ಹಿಡಿಕೆ ಬಿಗಿಯಾಗಿ ಹಿಡಿದಾಗ ಮಣಿಕಟ್ಟಿನ ಸ್ನಾಯು, ನರ ಎಲ್ಲ ಉಬ್ಬಿ ವಾಚು ಚರ್ಮದಿಂದ ಒಂದು ಕೂದಲೆಳೆ ಮೇಲೇಳುತ್ತದೆ. ಅಷ್ಟು ಸಂದಿ ಸಾಕು, ಹೊರಗಿನ ಬಿಸಿಲು ಒಳಗೆ ನುಗ್ಗುತ್ತದೆ. ಮೂರನೆಯದು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬೀಸುವ ಲಯ. ವಾಚಿನಲ್ಲಿರುವ ಆಕ್ಸೆಲೆರೋಮೀಟರ್ ಕೈಯ ಚಲನೆ ಅಳೆದು, ಬೆಳಕಿನ ಲೆಕ್ಕದಿಂದ ಅದನ್ನು ಕಳೆಯಲು ನೋಡುತ್ತದೆ. ನಡೆಯುವಾಗ, ಓಡುವಾಗ ಇದು ಸಾಧಾರಣ ಚೆನ್ನಾಗಿ ಆಗುತ್ತದೆ. ಮೆಷಿನ್ ಹಿಡಿದ ಕೈಯಲ್ಲಿ ಆಗುವುದಿಲ್ಲ.

ನಿಜ ತಿಳಿಯಬೇಕೆಂದರೆ ಎಂಜಿನ್ ಆಫ್ ಮಾಡಿ, ತಕ್ಷಣ 15 ಸೆಕೆಂಡ್ ಬೆರಳಲ್ಲಿ ಎಣಿಸಿ ನಾಲ್ಕರಿಂದ ಗುಣಿಸಿ. ಇಲ್ಲಿ 30 ಸೆಕೆಂಡ್ ಎಣಿಸಬೇಡಿ, ಕೆಲಸ ನಿಲ್ಲಿಸಿದೊಡನೆ ನಾಡಿ ಬೇಗ ಇಳಿಯುತ್ತದೆ. ಕಾಫಿ ಕೊಯ್ಲಿಗೆ, ಏಣಿ ಹತ್ತಿ ಮೆಣಸು ಬಿಡಿಸುವುದಕ್ಕೆ ವಾಚು ಇದಕ್ಕಿಂತ ವಾಸಿ. ಆದರೂ ಅದು ಹೇಳುವ ಕ್ಯಾಲೊರಿ ಲೆಕ್ಕವನ್ನು ನಾನು ನಂಬುವುದಿಲ್ಲ.

ವಾಲಗಕ್ಕೆ ಕುಣಿದಾಗ ಹಾರ್ಟ್ ರೇಟ್ ಒಂದೇ ಕಡೆ ನಿಂತುಬಿಡ್ತು. ಅದು ಬಡಿತವಾ, ತಾಳವಾ?

ತಾಳವೇ ಇರಬೇಕು. ವಾಲಗದ ಲಯಕ್ಕೆ ಕೈ ಮೇಲೆತ್ತಿ ಬೀಸುವಾಗ ಮಣಿಕಟ್ಟಿನ ರಕ್ತವೂ ಅದೇ ಲಯದಲ್ಲಿ ಅಲುಗುತ್ತದೆ. ಆ ಅಲೆ ನಾಡಿಯ ಅಲೆಗಿಂತ ದೊಡ್ಡದಾದರೆ ವಾಚು ಅದಕ್ಕೇ ಗಂಟು ಬೀಳುತ್ತದೆ. ಓಟಗಾರರಿಗೆ ಇದು ಹಳೆ ಕಾಟ: ಹೆಜ್ಜೆ ನಿಮಿಷಕ್ಕೆ 160ರಿಂದ 180 ಬೀಳುತ್ತಿದ್ದರೆ ಹಾರ್ಟ್ ರೇಟೂ ಅಲ್ಲೇ ಅಂಟಿಕೊಂಡಿರುತ್ತದೆ. ಆಪ್‌ನಲ್ಲಿ ಹೆಜ್ಜೆಯ ಗ್ರಾಫನ್ನೂ ನಾಡಿಯ ಗ್ರಾಫನ್ನೂ ಒಂದರ ಕೆಳಗೆ ಒಂದು ಇಟ್ಟು ನೋಡಿ. ಎರಡೂ ಅಂಟಿಕೊಂಡೇ ಏರಿಳಿಯುತ್ತಿದ್ದರೆ ಅನುಮಾನ ಪಡಿ. ಒಂದು ನಿಮಿಷ ನಿಂತು, ವಾಚು ಸ್ವಲ್ಪ ಮೇಲೆ ಸರಿಸಿ ಕಟ್ಟಿದರೆ ಹೆಚ್ಚಾಗಿ ದಾರಿಗೆ ಬರುತ್ತದೆ.

ಹಾಕಿ ಆಡುವಾಗ ಕೈಗೆ ಕಟ್ಟಿದ್ದು ಸಾಕಾ?

ಸಾಲದು. ಸ್ಟಿಕ್ ಹಿಡಿದ ಮಣಿಕಟ್ಟು ಪ್ರತಿ ಹೊಡೆತಕ್ಕೂ ಬಾಗುತ್ತದೆ. ಅದೂ ಅಲ್ಲದೆ ಹಾಕಿಯಲ್ಲಿ ಹತ್ತು ಸೆಕೆಂಡ್ ಓಟ, ಮತ್ತೆ ನಡಿಗೆ, ಮತ್ತೆ ಓಟ. ವಾಚು ಕಳೆದ ಕೆಲವು ಸೆಕೆಂಡುಗಳ ಸರಾಸರಿ ತೆಗೆದು ತೋರಿಸುವುದರಿಂದ ಹತ್ತಿಪ್ಪತ್ತು ಸೆಕೆಂಡ್ ಹಿಂದೆ ಬೀಳುತ್ತದೆ. ನೀವು ಓಡಿ ನಿಂತ ಮೇಲೆ ಅದು ಏರಲು ಶುರುಮಾಡಿರುತ್ತದೆ. ಎದೆಗೆ ಕಟ್ಟಿ ನಾಡಿ ಅಳೆಯುವ ಎದೆಪಟ್ಟಿ, ಅಥವಾ ತೋಳಿಗೆ ಕಟ್ಟುವ ಪಟ್ಟಿ ವಾಸಿ. ತೋಳಿನ ಪಟ್ಟಿಯದ್ದೂ ಬೆಳಕಿನ ಅಳತೆಯೇ, ಆದರೆ ಅಲ್ಲಿ ಮಾಂಸ ಜಾಸ್ತಿ, ಅಲುಗಾಟ ಕಡಿಮೆ.

ಇನ್ನೊಂದು ಮಾತು. ಒಂದೊಂದು ಕುಟುಂಬವೂ ತನ್ನದೇ ತಂಡ ಇಳಿಸುವ ನಮ್ಮ ಕುಟುಂಬ ಹಾಕಿಯಲ್ಲಿ ಒಂದೇ ತಂಡದಲ್ಲಿ ಶಾಲೆ ಹುಡುಗನೂ ಇರುತ್ತಾನೆ, ಅವನ ದೊಡ್ಡಪ್ಪನೂ ಇರುತ್ತಾರೆ. ಪಂದ್ಯ ಮುಗಿದ ಮೇಲೆ "ನಂದು 190, ನಿಂದೆಷ್ಟು?" ಅಂತ ಪೈಪೋಟಿ ನಡೆಸುವುದರಲ್ಲಿ ಅರ್ಥ ಇಲ್ಲ, ಗರಿಷ್ಠ ನಾಡಿ ವಯಸ್ಸಿನ ಜೊತೆ ಇಳಿಯುತ್ತದೆ.

ಚಳಿಗಾಲದ ಬೆಳಿಗ್ಗೆ, ಜಡಿಮಳೆಯಲ್ಲಿ ತೋರಿಸೋದೇ ಇಲ್ಲ. ಹಾಳಾಗಿದೆಯಾ?

ಹಾಳಾಗಿಲ್ಲ. ಮೈ ತಣ್ಣಗಾದಾಗ ಶಾಖ ಉಳಿಸಿಕೊಳ್ಳಲು ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಮೊದಲೇ ಸಣ್ಣದಾಗಿದ್ದ ಅಲೆ ಇನ್ನೂ ಸಣ್ಣದಾಗುತ್ತದೆ. ಮಡಿಕೇರಿಯ ಮಂಜಿನಲ್ಲಿ ಬೆಳಗಿನ ನಡಿಗೆಗೆ ಹೋಗುವವರು ಮನೆಯೊಳಗೇ ಕೈ ಬೆಚ್ಚಗೆ ಮಾಡಿಕೊಂಡು, ವಾಚು ಸ್ವೆಟರ್ ತೋಳಿನ ಒಳಗೆ ಇರುವಂತೆ ಕಟ್ಟಿ ಹೊರಡಿ. ಮಳೆಯಲ್ಲಿ ಚರ್ಮಕ್ಕೂ ವಾಚಿಗೂ ನಡುವೆ ನೀರು ಸೇರಿ ಬೆಳಕಿನ ದಾರಿ ತಪ್ಪುತ್ತದೆ, ಒರೆಸಿ ಮತ್ತೆ ಕಟ್ಟಬೇಕು.

ತಡಿಯಂಡಮೋಳ್ ಬೆಟ್ಟ ಹತ್ತುವಾಗ 165 ದಾಟಿತು. ವಯಸ್ಸು 52. ಅಪಾಯವಾ?

220ರಿಂದ ವಯಸ್ಸು ಕಳೆಯುವ ಸೂತ್ರದಂತೆ ನಿಮ್ಮ ಗರಿಷ್ಠ 168. 2001ರಲ್ಲಿ ಬಂದ ಇನ್ನೊಂದು ಸೂತ್ರ ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆಯುತ್ತದೆ. ಅದರಂತೆ ಸುಮಾರು 172. ಎರಡೂ ಸರಾಸರಿ ಲೆಕ್ಕ. ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತಿಪ್ಪತ್ತರ ವ್ಯತ್ಯಾಸ ಮಾಮೂಲು. ವಾಚು ಬಣ್ಣ ಬಣ್ಣದಲ್ಲಿ ತೋರಿಸುವ ವಲಯಗಳು ಇಂಥ ಅಂದಾಜಿನ ಮೇಲೇ ನಿಂತಿರುತ್ತವೆ, ಕೆಂಪು ಬಂತು ಅಂತ ಗಾಬರಿ ಬೇಡ. ಬೀಟಾ ಬ್ಲಾಕರ್ ತಗೊಳ್ಳುವವರಿಗೆ ಈ ಸೂತ್ರಗಳು ಅನ್ವಯಿಸುವುದೇ ಇಲ್ಲ.

ತಡಿಯಂಡಮೋಳ್ 1748 ಮೀಟರ್. ಗಾಳಿ ಸ್ವಲ್ಪ ತೆಳುವು ನಿಜ, ಆದರೆ ನಾಡಿ ಏರಿಸುವುದು ಮುಖ್ಯವಾಗಿ ಕೊನೆಯ ಕಡಿದಾದ ಏರು. ಮಾತಾಡಲು ಉಸಿರು ಸಿಗದಷ್ಟಾದರೆ ನಿಲ್ಲಿ. ಎದೆ ಹಿಡಿದಂತಾದರೆ, ಎಡತೋಳು ಅಥವಾ ದವಡೆಗೆ ನೋವು ಹರಿದರೆ, ತಲೆ ತಿರುಗಿದರೆ ವಾಚು ಏನೇ ತೋರಿಸಲಿ, ಹತ್ತುವುದು ಬಿಟ್ಟು ಅಲ್ಲೇ ಕೂತು ಸಹಾಯಕ್ಕೆ ಕರೆಯಿರಿ, 108ಕ್ಕೆ ಫೋನ್ ಮಾಡಿಸಿ.

ಎದೆಪಟ್ಟಿ ಯಾಕೆ ಜಾಸ್ತಿ ಸರಿ ಅಂತಾರೆ?

ಅದು ನೋಡುವುದು ಬೆಳಕನ್ನಲ್ಲ, ವಿದ್ಯುತ್ತನ್ನು. ಪ್ರತಿ ಬಡಿತಕ್ಕೆ ಮೊದಲು ಹೃದಯದಲ್ಲಿ ಸಣ್ಣ ವಿದ್ಯುತ್ ಸಂಚಾರ ಆಗುತ್ತದೆ. ಎದೆಯ ಚರ್ಮದ ಮೇಲೆ ಅದು ಒಂದು ಮಿಲಿವೋಲ್ಟಿನ ಆಸುಪಾಸು. ಬೆಳಕಿನ ಅಲೆ ಗುಡ್ಡದ ಇಳಿಜಾರಿನ ಹಾಗೆ ಮೊಂಡು, ಇದು ಚೂಪಾದ ಮೊನೆ. ಹಾಗಾಗಿ ಬಡಿತ ಯಾವ ಕ್ಷಣಕ್ಕೆ ಆಯಿತು ಅಂತ ಖಚಿತವಾಗಿ ಹೇಳಬಹುದು. ಫಿನ್ಲೆಂಡಿನ ಪೋಲಾರ್ ಕಂಪನಿ ವೈರ್ ಇಲ್ಲದ ಎದೆಪಟ್ಟಿಯನ್ನು 1982ರಲ್ಲೇ ಮಾರುಕಟ್ಟೆಗೆ ತಂದಿತ್ತು.

ಕಟ್ಟುವ ಮೊದಲು ಪಟ್ಟಿಯ ಎಲೆಕ್ಟ್ರೋಡ್ ಭಾಗವನ್ನು ನೀರಲ್ಲಿ ಒದ್ದೆ ಮಾಡಿ, ಒಣಗಿದ್ದರೆ ಮೊದಲ ಕೆಲವು ನಿಮಿಷ ಅಡ್ಡಾದಿಡ್ಡಿ ಸಂಖ್ಯೆ ಬರುತ್ತದೆ. ಬಿಚ್ಚಿದ ಮೇಲೆ ಸೆನ್ಸರ್ ಗುಂಡಿಯನ್ನು ಪಟ್ಟಿಯಿಂದ ಬೇರೆ ಮಾಡಿ. ಒದ್ದೆ ಪಟ್ಟಿಯಲ್ಲೇ ಬಿಟ್ಟರೆ ಅದು ಯಾರೋ ಕಟ್ಟಿಕೊಂಡಿದ್ದಾರೆ ಅಂದುಕೊಂಡು ಬ್ಯಾಟರಿ ತಿನ್ನುತ್ತದೆ. ಮಳೆಗಾಲದಲ್ಲಿ ಪಟ್ಟಿಗೆ ಬೂಸ್ಟು ಬರಲು ಎರಡು ದಿನ ಸಾಕು. ತೊಳೆದು ಅಡುಗೆಮನೆಯ ಬೆಚ್ಚಗಿನ ಜಾಗದಲ್ಲಿ ನೇತುಹಾಕಿ, ಒಲೆಯ ಹತ್ತಿರವೇ ಬೇಡ.

## ದಾಖಲೆ ವಿಚಾರ

ವಾಚು ಪ್ರತಿ ಬಡಿತವನ್ನೂ ಬರೆದಿಡ್ತದಾ?

ಹೆಚ್ಚಿನವು ಇಲ್ಲ. ಒಳಗೆ ಏನಾಗುತ್ತದೆ ನೋಡಿ. ಬೆಳಕನ್ನು ಸೆಕೆಂಡಿಗೆ 100 ಸಲ, ಪ್ರತಿ ಸಲ ಎರಡು ಬೈಟ್ ಅಂತ ಬರೆದರೆ ದಿನಕ್ಕೆ 17 ಎಂಬಿ ದಾಟುತ್ತದೆ, ಅದೂ ಒಂದೇ ಸೆನ್ಸರ್‌ಗೆ. ಅದನ್ನು ಇಡಲು, ಫೋನಿಗೆ ಕಳಿಸಲು ಬ್ಯಾಟರಿ ಸಾಲದು. ಹಾಗಾಗಿ ವಾಚು ಕೆಲವು ಸೆಕೆಂಡಿನ ಅಲೆ ನೋಡಿ, ಗದ್ದಲ ಕಳೆದು, ಒಂದು ಸಂಖ್ಯೆ ತೆಗೆದು, ಮೂಲ ಅಲೆಯನ್ನು ಎಸೆದುಬಿಡುತ್ತದೆ. ನಿಮಿಷಕ್ಕೆ ಇಷ್ಟು ಬಡಿತ ಅನ್ನುವ ಸಂಖ್ಯೆ ಒಂದು ಬೈಟಿನಲ್ಲಿ ಹಿಡಿಯುತ್ತದೆ. ಪ್ರತಿ ಸೆಕೆಂಡಿಗೆ ಒಂದರಂತೆ ದಿನಕ್ಕೆ 86,400 ಸಂಖ್ಯೆ, 100 ಕೆಬಿಯೂ ಆಗುವುದಿಲ್ಲ.

ಎಷ್ಟು ಸಲಕ್ಕೊಮ್ಮೆ ಬರೆಯಬೇಕು ಅನ್ನುವುದು ಕಂಪನಿ, ಮೋಡ್ ಎರಡರ ಮೇಲೂ ಹೋಗುತ್ತದೆ. ಫಿಟ್‌ಬಿಟ್ ವ್ಯಾಯಾಮದ ಹೊತ್ತಿಗೆ ಸೆಕೆಂಡಿಗೊಮ್ಮೆ, ಉಳಿದ ಹೊತ್ತಿಗೆ 5 ಸೆಕೆಂಡಿಗೊಮ್ಮೆ ಇಡುತ್ತದೆ. ಬ್ಯಾಟರಿ ಉಳಿಸುವ ಬ್ಯಾಂಡ್‌ಗಳಲ್ಲಿ 10 ನಿಮಿಷಕ್ಕೊಮ್ಮೆ ಅಳೆಯುವ ಆಯ್ಕೆಯೂ ಇರುತ್ತದೆ. ಆಗ ನಡುವಿನ 10 ನಿಮಿಷದಲ್ಲಿ ಎದೆ ಎಷ್ಟು ಹೊಡೆದುಕೊಂಡರೂ ದಾಖಲೆ ಇಲ್ಲ. ಗ್ರಾಫಿನಲ್ಲಿ ಎರಡು ಚುಕ್ಕಿ ಸೇರಿಸುವ ಗೆರೆ ಸುಮ್ನೆ ಎಳೆದದ್ದು. ನಿಮ್ಮ ವಾಚಿನ ಸೆಟ್ಟಿಂಗ್ಸ್ ಒಮ್ಮೆ ತೆರೆದು ಇದನ್ನು ನೋಡಿ, ಬಹಳ ಜನ ನೋಡಿಯೇ ಇರುವುದಿಲ್ಲ.

ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಮಳೆಗಾಲದಲ್ಲಿ ಕರೆಂಟೂ ಇಲ್ಲ. ಡೇಟಾ ಹೋಗಿಬಿಡ್ತದಾ?

ನೆಟ್‌ವರ್ಕ್ ಇಲ್ಲದ್ದಕ್ಕೆ ಹೋಗುವುದಿಲ್ಲ. ಅಳೆಯುವುದು, ಬರೆಯುವುದು ಎರಡೂ ವಾಚಿನೊಳಗೇ. ಫೋನಿಗೆ ಕಳಿಸುವುದು ಬ್ಲೂಟೂತ್‌ನಲ್ಲಿ, ಅದಕ್ಕೆ ಟವರ್ ಬೇಕಿಲ್ಲ. ಟವರ್ ಬೇಕಾಗುವುದು ಫೋನಿನಿಂದ ಕಂಪನಿಯ ಸರ್ವರ್‌ಗೆ ಹೋಗಲು. ಆದರೆ ವಾಚಿನ ಜಾಗ ಕೆಲವು ದಿನಕ್ಕಷ್ಟೇ ಸಾಲುತ್ತದೆ. ತುಂಬಿದ ಮೇಲೆ ಹಳೆಯದು ಅಳಿಯುತ್ತದೆ, ಕೆಲವದರಲ್ಲಿ ಸೆಕೆಂಡಿನ ವಿವರ ಹೋಗಿ ದಿನದ ಸಾರಾಂಶ ಮಾತ್ರ ಉಳಿಯುತ್ತದೆ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ ವಾರದಲ್ಲಿ ಪವರ್ ಬ್ಯಾಂಕಿನಿಂದ ಫೋನ್ ಚಾರ್ಜ್ ಮಾಡಿದಾಗ ಆಪ್ ಒಮ್ಮೆ ತೆರೆದು ಸಿಂಕ್ ಮಾಡಿಬಿಡಿ.

ನನ್ನ ನಾಡಿ ಲೆಕ್ಕ ಬೇರೆಯವರಿಗೆ ಕಾಣ್ತದಾ?

ನೀವು ಹಂಚಿದರೆ ಕಾಣುತ್ತದೆ, ಗೊತ್ತಿಲ್ಲದೆ ಹಂಚಿರಲೂಬಹುದು. ನಾಡಿಗಿಂತ ಅದರ ಜೊತೆ ಹೋಗುವ ಜಾಗದ ಮಾಹಿತಿ ಸೂಕ್ಷ್ಮ. 2018ರ ಜನವರಿಯಲ್ಲಿ, ಓಟ, ಸೈಕಲ್ ಸವಾರಿ ದಾಖಲಿಸುವ ಸ್ಟ್ರಾವಾ ಆಪ್‌ನ ಜಾಗತಿಕ ನಕ್ಷೆಯಲ್ಲಿ ಸೈನಿಕರು ಓಡಿದ ದಾರಿಗಳೂ ಬೆಳಗಿ, ಸೇನಾ ನೆಲೆಗಳ ಆಕಾರವೇ ಕಂಡಿತ್ತು. ಮನೆಗೊಬ್ಬರು ಸೇನೆಯಲ್ಲಿರುವ ನಮ್ಮೂರಲ್ಲಿ ಇದನ್ನು ಹೇಳಲೇಬೇಕು: ರಜೆ ಮುಗಿಸಿ ಹೊರಡುವ ಮಗನ ವಾಚಿನಲ್ಲಿ ಲೊಕೇಶನ್, ಸಾರ್ವಜನಿಕ ಹಂಚಿಕೆ ಎರಡೂ ಆಫ್ ಇದೆಯಾ ನೋಡಿಕೊಳ್ಳಲು ಹೇಳಿ.

## ಸ್ವಲ್ಪ ಆಳಕ್ಕೆ

ಆಸ್ಪತ್ರೆಯಲ್ಲಿ ಇಸಿಜಿ ಮಾಡಿ 96 ಅಂದರು, ಅದೇ ಹೊತ್ತಿಗೆ ವಾಚು 74 ತೋರಿಸ್ತಿತ್ತು. ಯಾರು ಸುಳ್ಳು?

ಇಬ್ಬರೂ ಸುಳ್ಳಾಗದೇ ಇರಬಹುದು. ಇಸಿಜಿ ಎಣಿಸುವುದು ಹೃದಯದ ವಿದ್ಯುತ್ತನ್ನು, ವಾಚು ಎಣಿಸುವುದು ಕೈವರೆಗೆ ತಲುಪಿದ ರಕ್ತದ ಅಲೆಯನ್ನು. ಒಂದು ಬಡಿತ ತೀರ ಬೇಗ ಬಂದರೆ ಹೃದಯ ಪೂರ್ತಿ ತುಂಬಿರುವುದಿಲ್ಲ, ತಳ್ಳುವ ರಕ್ತ ಕಡಿಮೆ, ಆ ಅಲೆ ಮಣಿಕಟ್ಟಿಗೆ ಬರುವಷ್ಟರಲ್ಲಿ ಮಾಯ. ಲಯ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್‌ನಲ್ಲಿ ಹೀಗೆ ಆಗುವುದು ಸಾಮಾನ್ಯ. ಹಿಂದಿನ ಡಾಕ್ಟರುಗಳು ಎದೆಗೆ ಸ್ಟೆತಸ್ಕೋಪ್ ಇಟ್ಟು, ಜೊತೆಗೇ ಕೈಯ ನಾಡಿ ಹಿಡಿದು ಎರಡನ್ನೂ ಹೋಲಿಸುತ್ತಿದ್ದದ್ದು ಇದಕ್ಕೇ. ವಾಚು ಸಡಿಲವಾಗಿತ್ತು ಅನ್ನುವ ಸರಳ ಕಾರಣವೂ ಇರಬಹುದು. ಇಂಥ ಅಂತರ ಮತ್ತೆ ಮತ್ತೆ ಕಂಡರೆ ಡಾಕ್ಟರಿಗೆ ಹೇಳಿ.

ಇಸಿಜಿ ಇರುವ ವಾಚು ಹಾರ್ಟ್ ಅಟ್ಯಾಕ್ ಕಂಡುಹಿಡೀತದಾ?

ಇಲ್ಲ. 2018ರಲ್ಲಿ ಆಪಲ್ ವಾಚಿಗೆ ಬಂದ ಈ ಸೌಲಭ್ಯ ಈಗ ಬೇರೆಯವರಲ್ಲೂ ಇದೆ. ವಾಚಿನ ಹಿಂಬದಿ ಒಂದು ಕೈಯನ್ನು ಮುಟ್ಟುತ್ತದೆ, ಇನ್ನೊಂದು ಕೈಯ ಬೆರಳನ್ನು ನೀವು ಗುಂಡಿಯ ಮೇಲೆ ಇಡುತ್ತೀರಿ. 30 ಸೆಕೆಂಡ್‌ನಲ್ಲಿ ಒಂದೇ ಕೋನದಿಂದ ಕಂಡ ಹೃದಯದ ವಿದ್ಯುತ್ತಿನ ಗೆರೆ ಸಿಗುತ್ತದೆ. ಆಸ್ಪತ್ರೆಯಲ್ಲಿ ಹತ್ತು ಎಲೆಕ್ಟ್ರೋಡ್ ಅಂಟಿಸಿ ಹನ್ನೆರಡು ಕೋನದಿಂದ ನೋಡುತ್ತಾರೆ. ವಾಚಿನದ್ದು ಲಯ ತಪ್ಪಿದೆಯಾ ನೋಡಲು ಉಪಯೋಗ, ರಕ್ತನಾಳ ಕಟ್ಟಿಕೊಂಡದ್ದನ್ನು ತೋರಿಸಲು ಅಲ್ಲ. ಎದೆನೋವು ಬಂದಾಗ "ವಾಚಲ್ಲಿ ನಾರ್ಮಲ್ ಅಂತ ಬಂತು" ಅಂತ ಮನೆಯಲ್ಲೇ ಕಾಯುವುದು ನನಗೆ ತುಂಬಾ ಭಯ ಹುಟ್ಟಿಸುವ ಸಂಗತಿ. ಮೈಸೂರು ದೂರ ಇರುವ ಜಿಲ್ಲೆ ನಮ್ಮದು, ಕಾದ ಪ್ರತಿ ಗಳಿಗೆಯೂ ದುಬಾರಿ.

ಎಚ್‌ಆರ್‌ವಿ ಅಂತ ಇನ್ನೊಂದು ಸಂಖ್ಯೆ ಇದೆಯಲ್ಲ, ಅದೇನು?

ನಾಡಿ ನಿಮಿಷಕ್ಕೆ 60 ಅಂದರೆ ಸರಿಯಾಗಿ ಸೆಕೆಂಡಿಗೊಂದು ಬಡಿತ ಅಂತಲ್ಲ. ಒಂದು ಅಂತರ 950 ಮಿಲಿಸೆಕೆಂಡ್, ಮುಂದಿನದು 1040, ಹೀಗೆ ಏರುಪೇರು ಇರುತ್ತದೆ. ಉಸಿರು ಎಳೆದಾಗ ವೇಗ, ಬಿಟ್ಟಾಗ ನಿಧಾನ. ಆ ಏರುಪೇರಿನ ಅಳತೆಯೇ ಎಚ್‌ಆರ್‌ವಿ. ಸಾಮಾನ್ಯವಾಗಿ ದಣಿವು, ಕಾಯಿಲೆ, ಒತ್ತಡ ಇದ್ದಾಗ ಕಡಿಮೆಯಾಗುತ್ತದೆ. ಕೈಯಲ್ಲಿ ಇದನ್ನು ನಂಬಬಹುದಾದದ್ದು ನಿದ್ದೆಯಲ್ಲಿ, ಅಲುಗಾಡದೆ ಇದ್ದಾಗ ಮಾತ್ರ. ಲೆಕ್ಕ ಹಾಕುವ ಸೂತ್ರಗಳೂ ಬೇರೆ ಬೇರೆ. ಹಾಗಾಗಿ ನಿಮ್ಮ ವಾಚಿನ 40ನ್ನು ಅಕ್ಕನ ವಾಚಿನ 60ರ ಜೊತೆ ಹೋಲಿಸಬೇಡಿ.

ಎದೆಪಟ್ಟಿಯಿಂದ ಫೋನಿಗೆ ಹೋಗುವುದು ಏನು? ಆ ಫೈಲನ್ನು ನಾನೇ ತೆರೆದು ನೋಡಬಹುದಾ?

ಬ್ಲೂಟೂತ್‌ನಲ್ಲಿ ಹಾರ್ಟ್ ರೇಟಿಗೆಂದೇ ಎಲ್ಲ ಕಂಪನಿಗಳೂ ಒಪ್ಪಿದ ಒಂದು ರೀತಿ ಉಂಟು. ಅದಕ್ಕೇ ಒಂದು ಕಂಪನಿಯ ಪಟ್ಟಿ ಇನ್ನೊಬ್ಬರ ಆಪ್‌ಗೆ ಸೇರುತ್ತದೆ. ಪ್ರತಿ ಸಂದೇಶದ ಮೊದಲ ಬೈಟು ಒಳಗೆ ಏನೇನಿದೆ ಅಂತ ಹೇಳುತ್ತದೆ, ಆಮೇಲೆ ನಿಮಿಷದ ಬಡಿತ. ಪಟ್ಟಿ ಬೆಂಬಲಿಸಿದರೆ ಪ್ರತಿ ಎರಡು ಬಡಿತದ ನಡುವಿನ ಅಂತರವೂ ಬರುತ್ತದೆ. ಆ ಅಂತರ ಮಿಲಿಸೆಕೆಂಡಿನಲ್ಲಿ ಇರುವುದಿಲ್ಲ, ಸೆಕೆಂಡಿನ 1024ನೇ ಒಂದು ಭಾಗದಲ್ಲಿ ಇರುತ್ತದೆ. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದರೆ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ ತಪ್ಪು ಬರುತ್ತದೆ. ಸ್ವತಃ ಆಪ್ ಬರೆಯುವ ಕಾಲೇಜು ಹುಡುಗರು ಇಲ್ಲೇ ಎಡವುವುದು.

ಫೈಲುಗಳು ಸಾಮಾನ್ಯವಾಗಿ ಫಿಟ್, ಟಿಸಿಎಕ್ಸ್, ಜಿಪಿಎಕ್ಸ್ ಅನ್ನುವ ಮೂರು ಬಗೆ. ಟಿಸಿಎಕ್ಸ್, ಜಿಪಿಎಕ್ಸ್ ಎರಡನ್ನೂ ನೋಟ್‌ಪ್ಯಾಡಿನಲ್ಲಿ ತೆರೆದರೂ ಸಮಯ, ಜಾಗ, ನಾಡಿ ಸಾಲು ಸಾಲಾಗಿ ಕಾಣುತ್ತವೆ. ಫಿಟ್ ಒತ್ತಿಟ್ಟ ಫೈಲು, ಅದಕ್ಕೆ ಬೇರೆ ತಂತ್ರಾಂಶ ಬೇಕು.

ಹಳೆ ವಾಚು ಬಿಟ್ಟು ಹೊಸದು ತಗೊಂಡೆ. ಇಷ್ಟು ದಿನದ ಲೆಕ್ಕ ಏನಾಗ್ತದೆ?

ಅದೇ ಕಂಪನಿ, ಅದೇ ಅಕೌಂಟ್ ಆದರೆ ಮುಂದುವರಿಯುತ್ತದೆ. ಕಂಪನಿ ಬದಲಾದರೆ ಹಳೆ ಆಪ್ ತೆಗೆಯುವ ಮೊದಲು ಡೇಟಾ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಅಕೌಂಟ್ ಅಳಿಸಿದ ಮೇಲೆ ಸಿಗುವುದಿಲ್ಲ. ಹೊಸ ವಾಚಿನಲ್ಲಿ ವಿಶ್ರಾಂತಿಯ ನಾಡಿ ಮೂರು ನಾಲ್ಕು ಜಾಸ್ತಿಯೋ ಕಮ್ಮಿಯೋ ಬಂದರೆ ಬೆಚ್ಚಬೇಡಿ. ಒಂದು ಕಂಪನಿ ನಿದ್ದೆಯ ಕನಿಷ್ಠವನ್ನು ಹಿಡಿಯುತ್ತದೆ, ಇನ್ನೊಂದು ಎಚ್ಚರ ಇದ್ದಾಗ ಸುಮ್ಮನೆ ಕೂತ ಹೊತ್ತಿನ ಸರಾಸರಿ ತೆಗೆಯುತ್ತದೆ. ಒಂದೆರಡು ವಾರ ಎರಡನ್ನೂ ಒಂದೊಂದು ಕೈಗೆ ಕಟ್ಟಿ ಅಂತರ ನೋಡಿಕೊಳ್ಳಿ. ಬದಲಾಯಿಸಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ, ಮುಂದೆ ಡಾಕ್ಟರ್ ಗ್ರಾಫ್ ನೋಡಿ "ಇಲ್ಲೇನಾಯ್ತು?" ಅಂತ ಕೇಳಿದಾಗ ತಡಕಾಡಬೇಕಾಗಿಲ್ಲ.